ತತ್ತಿ, ಮಣ್ಣು, ಮಳೆ: ಭಾಗ್ಯಶ್ರೀ ಶಾನಭಾಗರ ಓತಿಕ್ಯಾತ ಸಂಶೋಧನೆ ಮತ್ತು ಬೆಳಗಾವಿ–ಖಾನಾಪುರ ಸೀಮೆ

ಪೀಠಿಕೆ

ಮುಂಗಾರಿನ ಹೊತ್ತಿಗೆ ಬೆಳಗಾವಿಯ ಬೇಲಿಗಳ ಮೇಲೆ ಕತ್ತು ಕೆಂಪಾಗಿಸಿಕೊಂಡು ತಲೆಯಾಡಿಸುವ ಗಂಡು ಓತಿಕ್ಯಾತ ಎಲ್ಲರಿಗೂ ಪರಿಚಿತ. ವಿಜ್ಞಾನದಲ್ಲಿ ಇದರ ಹೆಸರು ಕ್ಯಾಲೊಟಿಸ್ ವರ್ಸಿಕಲರ್. 1802ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ದೋದ್ಯಾಂ ಇದನ್ನು ವರ್ಣಿಸಿದ. ಈ ಸಾಮಾನ್ಯ ಜೀವಿಯ ಸಂತಾನಕ್ರಿಯೆಯನ್ನು ಜಗತ್ತಿನ ಸರೀಸೃಪ ವಿಜ್ಞಾನದ ಚರ್ಚೆಗೆ ತಂದವರಲ್ಲಿ ನೆರೆಯ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರ ಪಾಲು ದೊಡ್ಡದು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಬೆಳಗಾವಿಯ ಕಾಲೇಜುಗಳೂ ಧಾರವಾಡದ ವ್ಯಾಪ್ತಿಯಲ್ಲೇ ಇದ್ದವು. ಆ ಪರಂಪರೆಯಲ್ಲಿ ಪ್ರೊ. ಭಾಗ್ಯಶ್ರೀ ಶಾನಭಾಗರ ಕೆಲಸ ಪ್ರಯೋಗಾಲಯದಿಂದ ಬಯಲಿಗೆ ಸಾಗಿದ ಬಗೆಯನ್ನೂ, ಅದು ಖಾನಾಪುರದ ಕಾಡಿನ ಮುಂದಿಡುವ ಪ್ರಶ್ನೆಯನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಅಂಡಾಶಯದಿಂದ ಆರಂಭ

ಧಾರವಾಡದಲ್ಲಿ ಓತಿಕ್ಯಾತದ ಅಧ್ಯಯನ ಅಂಗಾಂಶ ಪರೀಕ್ಷೆಯಿಂದ ಬೆಳೆಯಿತು. ಗೌಡರ, ನಾಡಕರ್ಣಿ ಮತ್ತು ಅಪ್ಪಾಸ್ವಾಮಿರಾವ್ 1979ರಲ್ಲಿ ಇದರ ಅಂಡಾಶಯದಲ್ಲಿ ಕೋಶಿಕೆಗಳು ಪಕ್ವವಾಗದೆ ಕರಗುವ ಕ್ರಿಯೆಯನ್ನು ವಿವರಿಸಿದರು. ಕಪ್ಪೆಗಳ ಸಂತಾನಕ್ರಿಯೆಯ ಅಧ್ಯಯನದಲ್ಲಿ ಹೆಸರಾದ ಶ್ರೀನಿವಾಸ ಸೈದಾಪುರರು 1989ರಲ್ಲಿ ಭಾರತೀಯ ಕಶೇರುಕಗಳ ಸಂತಾನ ಚಕ್ರಗಳ ಕುರಿತ ಗ್ರಂಥ ಸಂಪಾದಿಸಿದರು. ಶಾನಭಾಗರು ಪ್ರಸಾದ್ ಅವರೊಂದಿಗೆ 1993ರಲ್ಲಿ ಓತಿಕ್ಯಾತದ ಅಂಡಾಶಯದ ವಾರ್ಷಿಕ ಚಕ್ರವನ್ನು ಪ್ರಕಟಿಸಿದರು. ಅಲ್ಲಿಯವರೆಗಿನ ಮುಖ್ಯ ಪ್ರಶ್ನೆ: ದೇಹದೊಳಗೆ ಏನಾಗುತ್ತದೆ? ಮುಂದೆ ಅದು ಬದಲಾಯಿತು: ಹೊರಗಿನ ಋತು ದೇಹದಿಂದ ಏನು ಮಾಡಿಸುತ್ತದೆ?

ತಡೆಹಿಡಿದ ತತ್ತಿ

1998ರಲ್ಲಿ ರಾಜಕುಮಾರ ರಡ್ಡೇರ, ಶಾನಭಾಗ, ಸೈದಾಪುರ ಮೂವರೂ ಸೇರಿ ಒಂದು ಮಹತ್ವದ ಸಂಗತಿ ವರದಿ ಮಾಡಿದರು. ಸೆರೆಯಲ್ಲಿದ್ದ ಹೆಣ್ಣು ತತ್ತಿಯಿಡದೆ ಅಂಡನಾಳದಲ್ಲೇ ಬಹುಕಾಲ ಹಿಡಿದಿಟ್ಟುಕೊಂಡರೆ ಭ್ರೂಣದ ಬೆಳವಣಿಗೆ 34ನೇ ಹಂತದಲ್ಲಿ ನಿಂತುಬಿಡುತ್ತದೆ. ಈ ಹಂತಗಣನೆಗೆ ಆಧಾರ, ಮುತ್ತುಕರುಪ್ಪನ್ ಮತ್ತು ಸಂಗಡಿಗರು 1970ರಲ್ಲಿ ರೂಪಿಸಿದ 42 ಹಂತಗಳ ಪಟ್ಟಿ. ತಾಯಿಯ ದೇಹದ ಉಷ್ಣತೆ ತಗ್ಗಿಸಿದರೆ ಭ್ರೂಣ ಸುಪ್ತಾವಸ್ಥೆಗೆ ಹೋಗುತ್ತದೆಂದು ಧಾರವಾಡದ ಈ ಮೂವರೇ 2003ರಲ್ಲಿ ತೋರಿಸಿದರು.

ಇದರ ಅರ್ಥ ದೊಡ್ಡದು. ಓತಿಕ್ಯಾತ ಮಣ್ಣಿನಲ್ಲಿ ತತ್ತಿ ಹೂಳುತ್ತದೆ. ಒಣ ಮಣ್ಣು ತತ್ತಿಗೆ ಕೇಡು. ಮಳೆ ಕೈಕೊಟ್ಟಾಗ ಕಾಯಬಲ್ಲ ತಾಯಿ ಇಡೀ ಸೂಲನ್ನೇ ಉಳಿಸಿಕೊಳ್ಳಬಲ್ಲದು. 2000ದ ಇನ್ನೊಂದು ಲೇಖನ ಲೆಕ್ಕವನ್ನು ಸೂಕ್ಷ್ಮಗೊಳಿಸಿತು: ಒಂದು ಸೂಲಿನ ಒಟ್ಟು ತೂಕವನ್ನು ತಾಯಿಯ ಗಾತ್ರ ನಿರ್ಧರಿಸಿದರೆ, ತತ್ತಿಗಳ ಸಂಖ್ಯೆ ಮತ್ತು ಗಾತ್ರದ ಮೇಲೆ ಋತುವಿನ ಪ್ರಭಾವ ಇರುತ್ತದೆ.

ಬಂಡೆಯ ಕಡೆಗೆ

2005ರಲ್ಲಿ ಇದೇ ತಂಡ ಮತ್ತೊಂದು ಜಾತಿಯಾದ ಬಂಡೆ ಓತಿಯ ಸಾಂದ್ರತೆ, ನೆಲೆ ಮತ್ತು ದಿನಚರಿಯನ್ನು ಬಯಲಿನಲ್ಲೇ ದಾಖಲಿಸಿತು. ಮರುವರ್ಷದ ಲೇಖನ ದೇಹಗಾತ್ರ, ಲಿಂಗ ಹಾಗೂ ಸಂತಾನಸ್ಥಿತಿಗೂ ಕೂರುವ ಎತ್ತರಕ್ಕೂ ಇರುವ ನಂಟನ್ನು ಪರಿಶೀಲಿಸಿತು. ದೊಡ್ಡ ಗಂಡುಗಳು ಎತ್ತರದ ಜಾಗ ಹಿಡಿಯುತ್ತವೆ. ಈ ತಂಡದ ರಾಜಕುಮಾರ ರಡ್ಡೇರ ಆಸ್ಟ್ರೇಲಿಯಾದಲ್ಲಿ ರಿಚರ್ಡ್ ಶೈನ್ ಜೊತೆ ಕೆಲಸ ಮಾಡಿ, ಒಂದು ಜಾತಿಯ ಹಲ್ಲಿಯಲ್ಲಿ ಮರಿಯ ಲಿಂಗಕ್ಕೂ ತತ್ತಿಯ ಗಾತ್ರಕ್ಕೂ ಸಂಬಂಧವಿದೆಯೆಂದು 2009ರಲ್ಲಿ ತೋರಿಸಿದರು.

ಒಂದೇ ಹೆಸರು, ಹಲವು ಜೀವಿಗಳು

ಓತಿಕ್ಯಾತದ ಮರಿಯ ಲಿಂಗವನ್ನು ಉಷ್ಣತೆ ನಿರ್ಧರಿಸುವುದಿಲ್ಲವೆಂದು ಬನಾರಸಿನ ಗಣೇಶ್ ಮತ್ತು ರಾಮನ್ 1995ರಲ್ಲಿ ಹೇಳಿದ್ದರು. 2012ರಲ್ಲಿ ಇನಾಮದಾರ, ವಾಣಿ, ಶೇಷಗಿರಿ ಬೇರೆಯದನ್ನೇ ಕಂಡರು: ಉಷ್ಣತೆ ಏರಿದಂತೆ ಹೆಣ್ಣು, ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು ಮರಿಗಳು ಹೆಚ್ಚುವ ಕ್ರಮ. 2021ರಲ್ಲಿ ಗೋವಂಡೆ ಮತ್ತು ಸಂಗಡಿಗರ ವಂಶವಾಹಿ ಅಧ್ಯಯನ, ಒಂದೇ ಹೆಸರಿನಡಿ ಹಲವು ಪ್ರಭೇದಗಳಿದ್ದುದನ್ನು ತೋರಿಸಿ, ವರ್ಸಿಕಲರ್ ಹೆಸರನ್ನು ದಕ್ಷಿಣದ ಜೀವಿಗೆ ಉಳಿಸಿತು. ಹಾಗಾದರೆ ಹಳೆಯ ಎರಡು ಫಲಿತಾಂಶಗಳ ಭಿನ್ನತೆಗೆ ವಿಧಾನ ಕಾರಣವೋ, ಪ್ರಾಣಿಯೇ ಬೇರೆಯೋ? ಪ್ರಾಣಿ ಸಿಕ್ಕ ಊರು ನಮೂದಾಗಿರುವ ದಾಖಲೆಯಷ್ಟೇ ಇಂಥ ಪ್ರಶ್ನೆಗೆ ಉತ್ತರ ಕೊಡಬಲ್ಲದು.

ಖಾನಾಪುರದ ಪ್ರಶ್ನೆ

ಬೆಳಗಾವಿಯಿಂದ ಜಾಂಬೋಟಿ ದಾರಿ ಹಿಡಿದು ಮಲಪ್ರಭೆ ಹುಟ್ಟುವ ಕಣಕುಂಬಿಗೆ ಹೋದರೆ, ಐವತ್ತು ಕಿಲೋಮೀಟರಿನೊಳಗೆ ಬಯಲುಸೀಮೆಯ ಅಂಚು ಘಟ್ಟದ ಜಡಿಮಳೆಗೆ ಸೇರುತ್ತದೆ. 2011ರಲ್ಲಿ ಅಭಯಾರಣ್ಯವಾದ ಭೀಮಗಡ ಇರುವುದೂ ಇದೇ ಖಾನಾಪುರ ತಾಲೂಕಿನಲ್ಲಿ. ಈ ಘಟ್ಟಸಾಲಿನ ಕಾಡು ಓತಿಯನ್ನು ಬಹುಕಾಲ ಕ್ಯಾಲೊಟಿಸ್ ಕುಲಕ್ಕೇ ಸೇರಿಸಿದ್ದರು. 2018ರಲ್ಲಿ ಅದು ಮೋನಿಲೆಸಾರಸ್ ಎಂಬ ಹೊಸ ಕುಲಕ್ಕೆ ಹೋಯಿತು. ನೀರಿಗೆ ಬರವಿಲ್ಲದ ಈ ನೆಲದಲ್ಲಿ ಇಂಥ ಓತಿಗಳ ತತ್ತಿಗೆ ಅಪಾಯ ಒಣಗುವುದೋ, ಕೊಳೆಯುವುದೋ? ತಡೆಹಿಡಿಯುವ ಗುಣ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆಯೇ?

ಉಪಸಂಹಾರ

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ದುಬಾರಿ ಸಲಕರಣೆ ಬೇಡ. ಬೆಳಗಾವಿ, ಖಾನಾಪುರ, ಕಣಕುಂಬಿಗಳಲ್ಲಿ ತತ್ತಿಯಿಡುವ ಮಣ್ಣಿನ ತೇವ ಮತ್ತು ಉಷ್ಣತೆಯನ್ನು ವರ್ಷವಿಡೀ ಅಳೆದು, ಹೆಣ್ಣುಗಳು ತತ್ತಿಯಿಡುವ ಕಾಲದೊಂದಿಗೆ ಹೋಲಿಸಬೇಕು. ಸ್ಥಳೀಯ ಕಾಲೇಜುಗಳ ವಿದ್ಯಾರ್ಥಿಗಳೇ ಮಾಡಬಹುದಾದ ಕೆಲಸವಿದು. ದೇಹದ ಕ್ರಿಯೆಯನ್ನು ಅದರ ಮಣ್ಣು, ಮಳೆಗಳಿಂದ ಬೇರ್ಪಡಿಸಿ ಓದಲಾಗದು ಎಂಬುದೇ ಶಾನಭಾಗರ ಸಂಶೋಧನೆಯ ತಿರುಳು. ಮಳೆಯ ಲಯ ತಪ್ಪುತ್ತಿರುವ ಈ ಕಾಲದಲ್ಲಿ ಆ ಓದನ್ನು ಘಟ್ಟದ ತನಕ ಮುಂದುವರಿಸುವುದು ಈ ಸೀಮೆಯ ಜೀವವಿಜ್ಞಾನಿಗಳ ಹೊಣೆ.