ಯಾವ ಶರೀಫ, ಯಾರ ಶರೀಫ?

ರಾಕ್ ಕೇಳುವವರ ಬಳಿ ಮೆಚ್ಚಿನ ಆಲ್ಬಂಗಳ ಪಟ್ಟಿಯೊಂದು ಇದ್ದೇ ಇರುತ್ತದೆ. ನನ್ನ ಪಟ್ಟಿಯಲ್ಲಿ ಪಿಂಕ್ ಫ್ಲಾಯ್ಡ್ ತಂಡದ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಇದೆ. ಇಳಯರಾಜ ಅವರು ತ್ಯಾಗರಾಜರಿಗೂ ಬಾಖ್‌ಗೂ ಅರ್ಪಿಸಿದ 1986ರ 'ಹೌ ಟು ನೇಮ್ ಇಟ್?' ಇದೆ. ಆದರೆ ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡಿದ್ದು ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶಿಶುನಾಳ ಶರೀಫರ ಎರಡು ತತ್ವಪದಗಳಿವೆ: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ'.

ಜಯನಗರ, ಬನಶಂಕರಿಯ ಕಡೆ ಸುಗಮ ಸಂಗೀತದ ರುಚಿ ಗಾಢವಾದದ್ದು. ಇಲ್ಲಿ ಈ ಆಲ್ಬಂನ ಮಾತು ಬಂದರೆ ಹಿರಿಯರೊಬ್ಬರಾದರೂ 'ಗಿಟಾರ್ ಹಾಕಿ ಶರೀಫರನ್ನು ಕೆಡಿಸಿದ್ದಾರೆ' ಎನ್ನುತ್ತಾರೆ. ಆಕ್ಷೇಪ ಹಗುರವಾದುದಲ್ಲ. ಆದರೆ ಕೆಟ್ಟದ್ದು ಯಾವ ಶರೀಫ?

ಶರೀಫರು (1819–1889) ಬದುಕಿದ್ದು ಧ್ವನಿಮುದ್ರಣಕ್ಕೆ ಮುಂಚೆ. ಪದಗಳು ಉಳಿದದ್ದು ಬಾಯಿಂದ ಬಾಯಿಗೆ, ಭಜನೆಯಿಂದ ಭಜನೆಗೆ. ಊರಿಗೊಂದು ಮಟ್ಟು, ಹಾಡುಗಾರನಿಗೊಂದು ಪಾಠ. ನಗರದ ನಮ್ಮ ಕಿವಿಯಲ್ಲಿ 'ಮೂಲ' ಎಂದು ಕೂತಿರುವುದು ಬಹುಮಟ್ಟಿಗೆ ಸಿ. ಅಶ್ವತ್ಥ್ ಅವರ ಶರೀಫ: ಕ್ಯಾಸೆಟ್ಟುಗಳಿಂದ, 1990ರ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರದಿಂದ ಬಂದವನು. ಅಶ್ವತ್ಥ್ ಕೂಡ ಪ್ರಯೋಗಶೀಲರೇ. ಭಜನೆಯ ಪದವನ್ನು ವಾದ್ಯವೃಂದಕ್ಕೂ ದೊಡ್ಡ ವೇದಿಕೆಗೂ ತಂದವರು ಅವರು. 2005ರಲ್ಲಿ ಅವರ 'ಕನ್ನಡವೇ ಸತ್ಯ' ನಡೆದ ಅರಮನೆ ಮೈದಾನದಲ್ಲೇ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ನುಡಿಸಿತು. ರಘು ಅವರ ಆಲ್ಬಂ ಬಂದದ್ದು ಮರುವರ್ಷ. ಈ ಎರಡೂ ಸದ್ದುಗಳು ಒಂದೇ ಊರಿನವು ಎಂಬುದನ್ನು ಮರೆತರೆ ಆ ಆಲ್ಬಂ ಅರ್ಥವಾಗುವುದಿಲ್ಲ.

ಇನ್ನು ಯಂತ್ರದ ಮಾತು. ಶರೀಫರು ತತ್ವ ಹೇಳಲು ಆರಿಸಿಕೊಂಡದ್ದು ಸೋರುವ ಮಾಳಿಗೆ, ಸೇದುವ ಗುಡುಗುಡಿಯಂಥ ನಿತ್ಯದ ಸಂಗತಿಗಳನ್ನು. ಆ ಕಾಲಕ್ಕೆ ಹೊಚ್ಚಹೊಸದಾಗಿದ್ದ ಗಿರಣಿಯೂ ಅವರ ಪದವಾಯಿತು. ಗಿರಣಿಯನ್ನು ಒಳಗೆ ಬಿಟ್ಟುಕೊಂಡ ಪರಂಪರೆಗೆ ಆಂಪ್ಲಿಫೈಯರ್ ಮೈಲಿಗೆಯಾಗಬೇಕಿಲ್ಲ.

ಹಾಗೆಂದು ನಷ್ಟವೇ ಇಲ್ಲವೆನ್ನಲಾರೆ. ಭಜನೆಯಲ್ಲಿ ಒಬ್ಬ ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿಯುತ್ತಾರೆ. ಕೇಳುಗ ಅಲ್ಲಿ ಹಾಡುಗನೂ ಹೌದು. ಬಿಟಿಎಂ ಲೇಔಟಿನ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತವನಿಗೆ ಅಂಥ ಸೊಲ್ಲುಹಿಡಿಯುವವರಿಲ್ಲ. ಅರ್ಥ ಬಿಡಿಸಿ ಹೇಳುವ ಗುರುವೂ ಇಲ್ಲ. ಆಲ್ಬಂ ಪ್ರತಿಸಲವೂ ಅಷ್ಟೇ ನಿಮಿಷಕ್ಕೆ ಮುಗಿಯುತ್ತದೆ. ಈ ನಷ್ಟ ಮಾತ್ರ ಗಿಟಾರಿನದಲ್ಲ, ಮುದ್ರಣದ್ದು. ಕ್ಯಾಸೆಟ್ಟಿನಲ್ಲೇ ಅದು ಶುರುವಾಗಿತ್ತು.

ಗಳಿಕೆಯೂ ಇದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನನ್ನ ಓರಗೆಯ ಹಲವರಿಗೆ ತತ್ವಪದ ಮೊದಲು ದಕ್ಕಿದ್ದು ಹೀಗೆ. 2009ರಲ್ಲಿ ಸ್ವರಾತ್ಮ ತಂಡದ ಮೊದಲ ಆಲ್ಬಂ ಬಂದಾಗ, ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡಿದ 'ಈ ಭೂಮಿ'ಗೆ ಕಿವಿಗಳು ಸಿದ್ಧವಾಗಿದ್ದವು.

ಓದುಗರಲ್ಲಿ ಒಂದು ಕೋರಿಕೆ. 'ಸೋರುತಿಹುದು' ಪದವನ್ನು ಮೊದಲು ಹಳ್ಳಿಯ ಭಜನಾ ಮೇಳದವರಿಂದ, ಆಮೇಲೆ ಅಶ್ವತ್ಥರಿಂದ, ಕೊನೆಗೆ ರಘು ಅವರಿಂದ ಕೇಳಿ. ಯಾವುದು ಮೂಲ ಎಂದು ತೀರ್ಮಾನಿಸುವ ಅವಸರ ಬೇಡ. ಪ್ರತಿಯೊಂದರಲ್ಲೂ ಮಾಳಿಗೆ ಎಲ್ಲಿ ಸೋರುತ್ತಿದೆ ಎಂದು ಗಮನಿಸಿದರೆ ಸಾಕು.