ಗೀರು ಬಿದ್ದ ಲೆನ್ಸ್, ಗುಂಡು ತಿಂದ ಕನ್ನಡಿ

ಕ್ಯಾಮೆರಾ ಕೈ ಜಾರಿ ಬಿದ್ದು ಲೆನ್ಸಿನ ಮೇಲೆ ಗೀರು ಮೂಡಿದರೆ ಅದರ ಒಡೆಯನ ಎದೆ ಝಲ್ಲೆನ್ನುತ್ತದೆ. ದುರಸ್ತಿಗೆ ಕೊಡಬೇಕೇ? ಹೊಸದನ್ನು ಕೊಳ್ಳಬೇಕೇ? ಇಲ್ಲ, ಹಾಗೆಯೇ ಬಳಸಬಹುದೇ? ಇದೇ ಪ್ರಶ್ನೆಯನ್ನು ಖಗೋಳ ವಿಜ್ಞಾನಿಗಳು ಇಪ್ಪತ್ತು ವರ್ಷಗಳ ಅಂತರದಲ್ಲಿ ಎರಡು ಬಾರಿ, ಬಹಳ ದೊಡ್ಡ ಪ್ರಮಾಣದಲ್ಲಿ ಎದುರಿಸಿದರು. ಒಮ್ಮೆ ಕಣ್ಣಿಗೆ ರಾಚುವ ಗಾಯವನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟರು. ಇನ್ನೊಮ್ಮೆ ಕಣ್ಣಿಗೆ ಕಾಣದ ದೋಷವನ್ನು ಸರಿಪಡಿಸಲು ಬಾಹ್ಯಾಕಾಶಕ್ಕೇ ಹೋಗಿ ಬಂದರು. ಎರಡೂ ತೀರ್ಮಾನಗಳು ಸರಿಯಾಗಿದ್ದವು.

ಮೊದಲ ಘಟನೆ ನಡೆದದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ಮೆಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿ. ಡೇವಿಸ್ ಬೆಟ್ಟಸಾಲಿನ ಮೌಂಟ್ ಲಾಕ್ ಶಿಖರದ ಮೇಲೆ 1968ರಲ್ಲಿ 107 ಅಂಗುಲ, ಅಂದರೆ ಸುಮಾರು 2.7 ಮೀಟರ್ ವ್ಯಾಸದ ಕನ್ನಡಿಯುಳ್ಳ ದೂರದರ್ಶಕ ಸಿದ್ಧವಾಯಿತು. ಆಗ ಅದು ಜಗತ್ತಿನ ಮೂರನೆಯ ದೊಡ್ಡ ದೂರದರ್ಶಕ. ಕ್ಯಾಮೆರಾದಲ್ಲಿ ಲೆನ್ಸ್ ಮಾಡುವ ಕೆಲಸವನ್ನು, ಅಂದರೆ ಬೆಳಕನ್ನು ಒಂದೆಡೆ ಕೂಡಿಸಿ ಬಿಂಬ ಮೂಡಿಸುವ ಕೆಲಸವನ್ನು, ಇಂತಹ ದೂರದರ್ಶಕದಲ್ಲಿ ಕನ್ನಡಿ ಮಾಡುತ್ತದೆ. 1970ರ ಫೆಬ್ರುವರಿ 5ರ ರಾತ್ರಿ ಅಲ್ಲಿನ ನೌಕರನೊಬ್ಬ ಮನಸ್ಸಿನ ಸ್ಥಿಮಿತ ಕಳೆದುಕೊಂಡು ಆ ಕನ್ನಡಿಯ ಮೇಲೆ ಪಿಸ್ತೂಲಿನಿಂದ ಏಳು ಗುಂಡು ಹಾರಿಸಿದ.

ಟನ್ನುಗಟ್ಟಲೆ ತೂಕದ ಆ ಗಾಜು ಒಡೆದು ಚೂರಾಗಲಿಲ್ಲ. ಗುಂಡು ತಗುಲಿದ ಕಡೆಗಳಲ್ಲಿ ಮಾತ್ರ ಕುಳಿಗಳು ಬಿದ್ದವು. ಹೊಸ ಕನ್ನಡಿ ಮಾಡಿಸುವುದೆಂದರೆ ವರ್ಷಗಳ ಕೆಲಸ. ಆದರೆ ಲೆಕ್ಕ ಹಾಕಿ ನೋಡಿದಾಗ ಕನ್ನಡಿ ಕೂಡಿಸುವ ಬೆಳಕಿನಲ್ಲಿ ನಷ್ಟವಾಗಿದ್ದುದು ಸುಮಾರು ಶೇಕಡಾ ಒಂದರಷ್ಟು ಮಾತ್ರ. ಕುಳಿಗಳ ಅಂಚನ್ನು ಕೊರೆದು ತೆಗೆದು, ಬೆಳಕು ಚೆದುರದಂತೆ ಒಳಗೆ ಕಪ್ಪು ಬಣ್ಣ ಬಳಿಯಲಾಯಿತು. ದುರಸ್ತಿ ಅಷ್ಟಕ್ಕೇ ನಿಂತಿತು. ಚಂದ್ರನ ಮೇಲೆ ಅಪೋಲೊ ಯಾತ್ರಿಗಳು ಇರಿಸಿದ್ದ ಪ್ರತಿಫಲಕಗಳಿಗೆ ಲೇಸರ್ ಕಿರಣ ಹಾಯಿಸಿ ಚಂದ್ರನ ದೂರವನ್ನು ಅಳೆಯುವ ಕೆಲಸ ಇದೇ ದೂರದರ್ಶಕದಿಂದ 1980ರ ದಶಕದವರೆಗೂ ನಡೆಯಿತು.

ಏಳು ಗುಂಡು ತಿಂದ ಕನ್ನಡಿ ತೆಗೆದ ಚಿತ್ರಗಳಲ್ಲಿ ಏಳು ಕಪ್ಪು ಚುಕ್ಕೆಗಳು ಕಾಣಲಿಲ್ಲವೇಕೆ? ಒಂದು ನಕ್ಷತ್ರದ ಬೆಳಕು ಕನ್ನಡಿಯ ಯಾವುದೋ ಒಂದು ಮೂಲೆಗಲ್ಲ, ಇಡೀ ಮೈಗೆ ಬೀಳುತ್ತದೆ. ಕನ್ನಡಿಯ ಪ್ರತಿಯೊಂದು ಭಾಗವೂ ತನ್ನ ಪಾಲಿಗೆ ಪೂರ್ಣ ಚಿತ್ರವನ್ನೇ ಮೂಡಿಸುತ್ತದೆ. ಒಂದು ಭಾಗ ಹಾಳಾದರೆ ಚಿತ್ರದಲ್ಲಿ ತೂತು ಬೀಳುವುದಿಲ್ಲ; ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೆ. ಕ್ಯಾಮೆರಾ ಲೆನ್ಸಿಗೂ ಇದೇ ನಿಯಮ.

ಲೆನ್ಸಿನ ಇತಿಹಾಸದಲ್ಲಿ ಇದಕ್ಕಿಂತಲೂ ಸೋಜಿಗದ ಪ್ರಸಂಗವೊಂದಿದೆ. 1890ರ ದಶಕದಲ್ಲಿ ಇಂಗ್ಲೆಂಡಿನ ಲೆನ್ಸ್ ತಜ್ಞ ಡೆನಿಸ್ ಟೇಲರ್, ಹಳತಾಗಿ ಮಾಸಿ ಬಣ್ಣಗೆಟ್ಟ ಲೆನ್ಸುಗಳು ಹೊಸ ಲೆನ್ಸಿಗಿಂತ ಹೆಚ್ಚು ಬೆಳಕನ್ನು ಒಳಬಿಡುವುದನ್ನು ಗಮನಿಸಿದರು. ಮಾಸಿದ ತೆಳುಪದರ ಗಾಜಿನ ಮೇಲಿನ ಪ್ರತಿಫಲನವನ್ನು ತಗ್ಗಿಸುತ್ತಿತ್ತು. ಇದೇ ತತ್ವದ ಮೇಲೆ 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಲೆನ್ಸಿಗೆ ತೆಳುಲೇಪನ ಕೊಡುವ ವಿಧಾನ ರೂಪಿಸಿದರು. ಇಂದಿನ ಲೆನ್ಸುಗಳಲ್ಲಿ ಮಿನುಗುವ ನೀಲಿ, ನೇರಳೆ ಛಾಯೆಯ ಮೂಲ ಹೀಗೆ ‘ಹಾಳಾದ’ ಗಾಜಿನಲ್ಲಿದೆ.

ಆದರೆ ಎಲ್ಲ ದೋಷವೂ ಇಷ್ಟು ನಿರುಪದ್ರವಿಯಲ್ಲ. 1990ರ ಏಪ್ರಿಲ್ 24ರಂದು ಹಾರಿಬಿಟ್ಟ ಹಬಲ್ ಬಾಹ್ಯಾಕಾಶ ದೂರದರ್ಶಕದ 2.4 ಮೀಟರ್ ಕನ್ನಡಿಯಲ್ಲಿ ಒಂದು ಗೀರೂ ಇರಲಿಲ್ಲ. ಆದರೂ ಚಿತ್ರಗಳು ಮಸುಕಾಗಿ ಬಂದವು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ; ಕನ್ನಡಿಯದೇ ಹುಣ್ಣನ್ನು ಕಂಡುಹಿಡಿಯಲು ತನಿಖಾ ಮಂಡಳಿಯೇ ಬೇಕಾಯಿತು. ಉಜ್ಜುವಾಗ ಬಳಸಿದ ಪರೀಕ್ಷಾ ಉಪಕರಣದಲ್ಲಿ ಒಂದು ಲೆನ್ಸ್ 1.3 ಮಿಲಿಮೀಟರ್ ಸರಿದು ಕೂತಿದ್ದರಿಂದ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನಿನಷ್ಟು ಚಪ್ಪಟೆಯಾಗಿತ್ತು. ಇದು ಕೂದಲಿನ ದಪ್ಪದ ಸುಮಾರು ಐವತ್ತರಲ್ಲಿ ಒಂದು ಪಾಲು. ಇಲ್ಲಿ ಕೆಟ್ಟಿದ್ದು ಗಾಜಿನ ಮೈಯಲ್ಲ, ಆಕಾರ. ಹೀಗಾಗಿ ಬೆಳಕು ಒಂದೇ ಬಿಂದುವಿನಲ್ಲಿ ಕೂಡುತ್ತಲೇ ಇರಲಿಲ್ಲ.

ಕೊಡ್ಯಾಕ್ ಕಂಪನಿ ಮಾಡಿದ್ದ ಬದಲಿ ಕನ್ನಡಿಯೊಂದು ಭೂಮಿಯ ಮೇಲಿತ್ತು. ಆದರೆ ಕಕ್ಷೆಯಲ್ಲಿ ಅದನ್ನು ಜೋಡಿಸುವಂತಿರಲಿಲ್ಲ. ಹಬಲನ್ನು ಕೆಳಗಿಳಿಸುವುದೂ ಸುಲಭವಿರಲಿಲ್ಲ. ಅದೃಷ್ಟವಶಾತ್ ಕನ್ನಡಿಯ ತಪ್ಪು ಅಳತೆಗೆ ಸಿಕ್ಕುವಂತಹುದು. ಅಷ್ಟೇ ಪ್ರಮಾಣದ ವಿರುದ್ಧ ತಪ್ಪನ್ನು ಸಣ್ಣ ಕನ್ನಡಿಗಳಲ್ಲಿ ಉದ್ದೇಶಪೂರ್ವಕವಾಗಿ ರೂಪಿಸಿದರೆ ಎರಡೂ ಪರಸ್ಪರ ರದ್ದಾಗುತ್ತವೆ. 1993ರ ಡಿಸೆಂಬರಿನಲ್ಲಿ ಎಂಡೆವರ್ ನೌಕೆಯ ಗಗನಯಾತ್ರಿಗಳು ಐದು ಬಾಹ್ಯಾಕಾಶ ನಡಿಗೆಗಳಲ್ಲಿ ಹಬಲ್‌ಗೆ ಈ ‘ಕನ್ನಡಕ’ವನ್ನೂ, ತಿದ್ದುಪಡಿ ಅಳವಡಿಸಿದ ಹೊಸ ಕ್ಯಾಮೆರಾವನ್ನೂ ಜೋಡಿಸಿದರು. ದೊಡ್ಡ ಕನ್ನಡಿಯನ್ನು ಯಾರೂ ಮುಟ್ಟಲೇ ಇಲ್ಲ.

ಮತ್ತೆ ಕ್ಯಾಮೆರಾಕ್ಕೆ ಬರೋಣ. ಮುಂದಿನ ಗಾಜಿನ ಮೇಲಿನ ಒಂದೆರಡು ಗೀರು ಮೆಕ್‌ಡೊನಾಲ್ಡಿನ ಕುಳಿಗಳಂತೆ: ನೋಡಲು ಭೀಕರ, ಚಿತ್ರಕ್ಕೆ ಬಹುತೇಕ ನಿರಪಾಯ. ಬಿಸಿಲಿಗೆ ಎದುರಾಗಿ ಚಿತ್ರ ತೆಗೆಯುವಾಗ ಮಾತ್ರ ಅದು ಬೆಳಕನ್ನು ಚೆದುರಿಸಬಹುದು. ಅದನ್ನು ಉಜ್ಜಿ ತೆಗೆಸಹೊರಟರೆ ಲೇಪನ ಹೋಗುತ್ತದೆ, ಗಾಜಿನ ವಕ್ರತೆಯೇ ಬದಲಾಗಬಹುದು; ಖರ್ಚಿನಲ್ಲಿ ಮೂಗಿಗಿಂತ ಮೂಗುತಿ ಭಾರ. ಹಿಂದಿನ ಗಾಜಿನ ಗೀರು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಬಿಂಬಕ್ಕೆ ಹತ್ತಿರ. ಮಳೆಗಾಲದ ತೇವದಲ್ಲಿ ಒಳಗೆ ಹಬ್ಬುವ ಬೂಷ್ಟನ್ನು ತಡಮಾಡದೆ ತೆಗೆಸಬೇಕು; ಬಿಟ್ಟರೆ ಅದು ಲೇಪನವನ್ನೇ ಕೊರೆದುಬಿಡುತ್ತದೆ. ಬಿದ್ದ ಪೆಟ್ಟಿಗೆ ಒಳಗಿನ ಗಾಜು ಕದಲಿದ್ದರೆ ಅದು ಹಬಲ್‌ನ ಜಾತಿಯ ದೋಷ. ಹೊರಗೆ ಏನೂ ಕಾಣದಿದ್ದರೂ ದುರಸ್ತಿ ಬೇಕೇ ಬೇಕು.

ಪರೀಕ್ಷೆ ಸುಲಭ. ದಿನಪತ್ರಿಕೆಯ ಹಾಳೆಗಳನ್ನು ಗೋಡೆಗೆ ಒತ್ತಾಗಿ ಅಂಟಿಸಿ, ಕ್ಯಾಮೆರಾವನ್ನು ನೇರವಾಗಿ ಎದುರಿಗೆ ನಿಲ್ಲಿಸಿ ಚಿತ್ರ ತೆಗೆದು ನಾಲ್ಕು ಮೂಲೆಗಳ ಅಕ್ಷರಗಳನ್ನು ಓದಬೇಕು. ಒಂದು ಬದಿ ಮಾತ್ರ ಮಸುಕಾಗಿದ್ದರೆ ಲೆನ್ಸ್ ದುರಸ್ತಿಗೆ ಹೋಗಲಿ. ನಾಲ್ಕೂ ಕಡೆ ಅಕ್ಷರ ಸ್ಪಷ್ಟವಾಗಿದ್ದರೆ ಗೀರು ಅಲ್ಲೇ ಇರಲಿ. ತೀರ್ಪು ಕೊಡಬೇಕಾದದ್ದು ಗಾಜನ್ನು ನೋಡಿ ಅಲ್ಲ, ಅದು ಕೊಟ್ಟ ಚಿತ್ರವನ್ನು ನೋಡಿ.