ಬೆಟ್ಟದೂರಿನಿಂದ ಕಡಲತೀರಕ್ಕೆ: ಕಾಮ್ರೇಡ್ಸ್ ಓಟದ ಇತಿಹಾಸ

ಕಡಲತೀರದ ಊರುಗಳಿಗೆ ಜನರು ರಜೆಯಲ್ಲಿ ಹೋಗುವುದು ವಿಶ್ರಾಂತಿಗಾಗಿ. ದಕ್ಷಿಣ ಆಫ್ರಿಕದ ಡರ್ಬನ್ ಅಂಥದೊಂದು ಊರು. ಹಿಂದೂ ಮಹಾಸಾಗರದ ದಂಡೆಯ ಮೇಲಿರುವ ಈ ನಗರದಲ್ಲಿ ಚಳಿಗಾಲವೂ ಹಿತವಾಗಿ ಬೆಚ್ಚಗಿರುತ್ತದೆ. ಜೂನ್ ತಿಂಗಳಲ್ಲಿ ಜೋಹಾನ್ಸ್‌ಬರ್ಗಿನ ಎತ್ತರದ ಬಯಲಿನಲ್ಲಿ ಚಳಿ ಕೊರೆಯುವಾಗ ಅಲ್ಲಿಯ ಕುಟುಂಬಗಳು ಡರ್ಬನ್ನಿನ ‘ಗೋಲ್ಡನ್ ಮೈಲ್’ ಎಂದು ಹೆಸರಾದ ಮರಳದಂಡೆಯನ್ನು ಅರಸಿ ಬರುತ್ತವೆ. ಇದೇ ಋತುವಿನಲ್ಲಿ ಸಾವಿರಾರು ಮಂದಿ ಈ ಊರಿಗೂ ಒಳನಾಡಿನ ಪೀಟರ್‌ಮಾರಿಟ್ಜ್‌ಬರ್ಗ್ ನಗರಕ್ಕೂ ನಡುವೆ ಒಂದೇ ಹಗಲಿನಲ್ಲಿ ಸುಮಾರು 90 ಕಿಲೋಮೀಟರ್ ಓಡುತ್ತಾರೆ. ಇದಕ್ಕೆ ಕಾಮ್ರೇಡ್ಸ್ ಮ್ಯಾರಥಾನ್ ಎಂದು ಹೆಸರು. ನೂರು ವರ್ಷಗಳನ್ನು ದಾಟಿದ ಈ ಓಟದ ಇತಿಹಾಸವನ್ನು ಓದುತ್ತ ಹೋದಂತೆ, ಸಾರ್ವಜನಿಕ ರಸ್ತೆಯೊಂದರಲ್ಲಿ ಓಡುವ ಹಕ್ಕು ಯಾರಿಗುಂಟು, ಓಡಿದವರ ಹೆಸರನ್ನು ಬರೆದಿಡುವವರು ಯಾರು ಎಂಬ ಪ್ರಶ್ನೆಗಳು ನಮಗೆ ಎದುರಾಗುತ್ತವೆ.

ಸಾಮಾನ್ಯ ಮ್ಯಾರಥಾನಿನ ದೂರ 42 ಕಿಲೋಮೀಟರಿಗೆ ತುಸು ಹೆಚ್ಚು. ಕಾಮ್ರೇಡ್ಸ್ ಓಟ ಅದರ ಎರಡು ಪಟ್ಟಿಗಿಂತಲೂ ಉದ್ದ. ಪೀಟರ್‌ಮಾರಿಟ್ಜ್‌ಬರ್ಗ್ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮುಂಬಯಿಯಲ್ಲಿರುವ ನಮಗೆ ತಿಳಿಯುವಂತೆ ಹೇಳುವುದಾದರೆ, ಲೋನಾವಳದಿಂದ ಹೊರಟು ಘಟ್ಟವಿಳಿದು ಮುಂಬಯಿಯ ಸಮುದ್ರವನ್ನು ಮುಟ್ಟಿದರೆ ಹೆಚ್ಚುಕಡಿಮೆ ಅಷ್ಟೇ ಎತ್ತರ, ಅಷ್ಟೇ ದೂರ. ಸಂಪ್ರದಾಯದಂತೆ ಒಂದು ವರ್ಷ ಕಡಲಿನ ಕಡೆಗೆ ಇಳಿಯುವ ಓಟ, ಮರುವರ್ಷ ಕಡಲಿನಿಂದ ಮೇಲೇರುವ ಓಟ. ಇಳಿಯುವ ವರ್ಷದಲ್ಲಿಯೂ ಏರುಗಳು ತಪ್ಪುವುದಿಲ್ಲ. ಪಾಲಿ ಶಾರ್ಟ್ಸ್, ಇಂಚಾಂಗಾ, ಬೋಥಾಸ್ ಹಿಲ್, ಫೀಲ್ಡ್ಸ್ ಹಿಲ್, ಕೌವೀಸ್ ಹಿಲ್ ಎಂಬ ಐದು ಗುಡ್ಡಗಳು ದಾರಿಯಲ್ಲಿವೆ. ಗುರಿ ಮುಟ್ಟಲು ಬಹಳ ವರ್ಷಗಳ ಕಾಲ 11 ಗಂಟೆಗಳ ಅವಧಿಯಿತ್ತು. ಈಗ 12 ಗಂಟೆ. ಅವಧಿ ಮುಗಿಯುವ ಗಳಿಗೆಯಲ್ಲಿ ಅಧಿಕಾರಿಯೊಬ್ಬರು ಓಡಿಬರುವವರಿಗೆ ಬೆನ್ನು ಮಾಡಿ ನಿಂತು ಗುಂಡು ಹಾರಿಸುತ್ತಾರೆ. ಅದರ ಅನಂತರ ಒಂದು ಕ್ಷಣ ತಡವಾಗಿ ಬಂದವರಿಗೂ ಪದಕವಿಲ್ಲ.

‘ಕಾಮ್ರೇಡ್’ ಎಂದೊಡನೆ ನಮಗೆ ಕಾರ್ಮಿಕ ಸಂಘಟನೆಗಳ ನೆನಪಾಗುವುದು ಸಹಜ. ಇಲ್ಲಿ ಆ ಪದಕ್ಕೆ ಯುದ್ಧದಲ್ಲಿ ಜೊತೆಗಿದ್ದ ಸಹಯೋಧ ಎಂಬ ಅರ್ಥ. ಲಂಡನ್ನಿನಲ್ಲಿ ಹುಟ್ಟಿ ಬಾಲ್ಯದಲ್ಲೇ ದಕ್ಷಿಣ ಆಫ್ರಿಕಕ್ಕೆ ಬಂದ ವಿಕ್ ಕ್ಲಾಪಮ್ ರೈಲು ಎಂಜಿನ್ ಚಾಲಕನಾಗಿದ್ದವನು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪೂರ್ವ ಆಫ್ರಿಕದ ಸುಡುಬಿಸಿಲಿನಲ್ಲಿ ಸುಮಾರು 2,700 ಕಿಲೋಮೀಟರ್ ನಡೆದ ಪದಾತಿ ಸೈನಿಕ. ಮಡಿದ ಗೆಳೆಯರಿಗೆ ಕಲ್ಲಿನ ಸ್ಮಾರಕದ ಬದಲು ದೇಹದ ಸಹನೆಯನ್ನೇ ಪರೀಕ್ಷಿಸುವ ಸ್ಮಾರಕವೊಂದು ಬೇಕೆಂದು ಅವನಿಗೆ ತೋರಿತು. ಮಾಜಿ ಸೈನಿಕರ ಸಂಘವು ಇಷ್ಟು ದೂರ ಓಡುವುದು ಮನುಷ್ಯರಿಗೆ ಅಸಾಧ್ಯವೆಂದು ಅವನ ಕೋರಿಕೆಯನ್ನು ಮತ್ತೆ ಮತ್ತೆ ತಳ್ಳಿಹಾಕಿತು. ಕೊನೆಗೆ 1921ರಲ್ಲಿ ಒಪ್ಪಿಗೆ ದೊರೆಯಿತು. ಖರ್ಚಿಗೆಂದು ಸಂಘವು ಒಂದು ಪೌಂಡ್ ಕೊಟ್ಟಿತು, ಅದೂ ಸಾಲವಾಗಿ!

1921ರ ಮೇ 24ರಂದು ಪೀಟರ್‌ಮಾರಿಟ್ಜ್‌ಬರ್ಗಿನ ಪುರಭವನದ ಮುಂದಿನಿಂದ 34 ಜನ ಹೊರಟರು. ಡರ್ಬನ್ ಮುಟ್ಟಿದವರು 16 ಜನ. ಮೊದಲಿಗನಾದ ಬಿಲ್ ರೋವನ್ ತೆಗೆದುಕೊಂಡ ಸಮಯ 8 ಗಂಟೆ 59 ನಿಮಿಷ. ಮರುವರ್ಷದಿಂದ ಆರ್ಥರ್ ನ್ಯೂಟನ್ ಎಂಬವನ ಕಾಲ. 1922ರಿಂದ 1927ರೊಳಗೆ ಅವನು ಐದು ಸಲ ಗೆದ್ದನು. ಡ್ರಮಂಡ್ ಹತ್ತಿರ ರಸ್ತೆಯ ದಿಬ್ಬದಲ್ಲಿ ಅವನು ದಣಿವಾರಿಸಿಕೊಳ್ಳುತ್ತಿದ್ದನೆನ್ನುವ ಒಂದು ಗೂಡು ಇದೆ. ಇಂದಿಗೂ ಓಟಗಾರರು ಅಲ್ಲಿ ಹೂವಿಟ್ಟು, ಅವನಿಗೆ ಶುಭೋದಯ ಹೇಳಿ ಮುಂದೆ ಸಾಗುತ್ತಾರೆ.

ಆದರೆ ಈ ಸ್ಮಾರಕದಲ್ಲಿ ಸಹಯೋಧರೆಂದು ಗಣನೆಗೆ ಬಂದವರು ಯಾರು? ಪ್ರವೇಶವಿದ್ದದ್ದು ಬಿಳಿಯ ಪುರುಷರಿಗೆ ಮಾತ್ರ. ಯುದ್ಧದಲ್ಲಿ ಸತ್ತವರು ಮಾತ್ರ ಒಂದೇ ಬಣ್ಣದವರಾಗಿರಲಿಲ್ಲ. 1917ರ ಫೆಬ್ರವರಿ 21ರಂದು ‘ಮೆಂಡಿ’ ಎಂಬ ಹಡಗು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಮುಳುಗಿದಾಗ, ಯುದ್ಧಸೇವೆಗೆಂದು ಹೊರಟಿದ್ದ 600ಕ್ಕೂ ಹೆಚ್ಚು ಕಪ್ಪು ಆಫ್ರಿಕನ್ನರು ನೀರುಪಾಲಾದರು. ಕ್ಲಾಪಮ್ ನಡೆದ ಪೂರ್ವ ಆಫ್ರಿಕದ ರಣರಂಗದಲ್ಲಿ ಸೈನ್ಯದ ಹೊರೆ ಹೊತ್ತು ರೋಗಕ್ಕೂ ಹಸಿವಿಗೂ ಬಲಿಯಾದ ಆಫ್ರಿಕನ್ ಕೂಲಿಗಳು ಎಷ್ಟೋ ಸಾವಿರ. ಅದೇ ರಣರಂಗಕ್ಕೆ 1914ರ ಅಕ್ಟೋಬರಿನಲ್ಲಿ ನಮ್ಮ ಮುಂಬಯಿ ಬಂದರಿನಿಂದಲೇ ಭಾರತೀಯ ಪಡೆಗಳು ಹೊರಟಿದ್ದವು. ನವೆಂಬರಿನಲ್ಲಿ ಟಾಂಗಾ ಎಂಬಲ್ಲಿ ಸೋತು ಹಿಂದೆ ಸರಿದ ಆ ಸೈನ್ಯದಲ್ಲಿ ಬೆಂಗಳೂರಿನ ಹೆಸರು ಹೊತ್ತ ಬ್ರಿಗೇಡೂ ಇತ್ತು.

ಓಟ ಆರಂಭವಾಗುವ ಪೀಟರ್‌ಮಾರಿಟ್ಜ್‌ಬರ್ಗ್ ಭಾರತೀಯರಿಗೆ ಮರೆಯಲಾಗದ ಊರು. 1893ರ ಜೂನ್ 7ರ ರಾತ್ರಿ, ಡರ್ಬನ್ನಿನಿಂದ ಪ್ರಿಟೋರಿಯಾಕ್ಕೆ ಹೊರಟಿದ್ದ ತರುಣ ವಕೀಲ ಮೋಹನದಾಸ ಗಾಂಧಿಯವರನ್ನು, ಮೊದಲ ದರ್ಜೆಯ ಟಿಕೆಟ್ ಇದ್ದರೂ, ರೈಲಿನಿಂದ ಹೊರದಬ್ಬಿದ್ದು ಈ ಊರಿನ ನಿಲ್ದಾಣದಲ್ಲಿಯೇ. ಮೇಲಂಗಿ ಸಾಮಾನಿನೊಳಗಿತ್ತು; ಕೇಳಿದರೆ ಮತ್ತೆ ಅವಮಾನವಾದೀತೆಂದು ಅವರು ಚಳಿಯಲ್ಲಿ ನಡುಗುತ್ತ ಕುಳಿತರು. ಅದಕ್ಕೂ ಮೊದಲು, 1860ರ ನವೆಂಬರ್ 16ರಂದು ಮದರಾಸಿನಿಂದ ‘ಟ್ರೂರೋ’ ಹಡಗು ಡರ್ಬನ್ ತಲುಪಿದಂದಿನಿಂದ 1911ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಕರಾರಿನ ಕೂಲಿಗಳಾಗಿ ನೆಟಾಲಿಗೆ ಬಂದಿದ್ದರು. ಅಲ್ಲಿ ಕಬ್ಬಿನ ತೋಟಗಳಲ್ಲಿ ಅವರ ಬೆವರು ಹರಿಯಿತು. ಅವರ ಮಕ್ಕಳು ಮೊಮ್ಮಕ್ಕಳಿಗೂ ಕಾಮ್ರೇಡ್ಸ್ ಓಟವನ್ನು ರಸ್ತೆಯ ಪಕ್ಕದಲ್ಲಿ ನಿಂತು ನೋಡುವುದಷ್ಟೇ ಉಳಿದಿತ್ತು.

ಬಾಗಿಲು ಮುಚ್ಚಿದ್ದರೂ ಓಡಿದವರುಂಟು. 1923ರಲ್ಲಿ ಫ್ರಾನ್ಸೆಸ್ ಹೇವರ್ಡ್ ಎಂಬ ಮಹಿಳೆಯ ಅರ್ಜಿಯನ್ನು ನಿರಾಕರಿಸಲಾಯಿತು. ಆಕೆ ಆದರೂ ಓಡಿ 11 ಗಂಟೆ 35 ನಿಮಿಷಗಳಲ್ಲಿ ಗುರಿ ಮುಟ್ಟಿದಳು. ಪದಕ ಸಿಗಲಿಲ್ಲ, ಪ್ರೇಕ್ಷಕರೂ ಜೊತೆಯ ಓಟಗಾರರೂ ಸೇರಿ ಬೆಳ್ಳಿಯ ಚಹಾ ಪಾತ್ರೆಗಳನ್ನು ಉಡುಗೊರೆಯಾಗಿತ್ತರು. 1931ರಿಂದ ಮೂರು ವರ್ಷ ಜೆರಾಲ್ಡಿನ್ ವಾಟ್ಸನ್ ಹೀಗೆಯೇ ಓಡಿದಳು. 1935ರಲ್ಲಿ ರಾಬರ್ಟ್ ಮ್ಟಷಾಲಿ ಎಂಬ ಕಪ್ಪು ಓಟಗಾರ 9 ಗಂಟೆ 30 ನಿಮಿಷಗಳಲ್ಲಿ ಓಟ ಮುಗಿಸಿದನು. ಅಧಿಕೃತ ಫಲಿತಾಂಶದ ಪಟ್ಟಿಯಲ್ಲಿ ಇವರಿಗೆ ಸ್ಥಾನವಿರಲಿಲ್ಲ. ಓಡುವವನ ಕಾಲಿಗೂ ರಸ್ತೆಗೂ ವ್ಯತ್ಯಾಸ ತಿಳಿಯದಿದ್ದರೂ ಲೆಕ್ಕ ಬರೆಯುವ ಲೇಖನಿಗೆ ಅದು ತಿಳಿದಿತ್ತು.

ಎರಡನೆಯ ಮಹಾಯುದ್ಧದಿಂದಾಗಿ 1941ರಿಂದ 1945ರವರೆಗೆ ಓಟ ನಡೆಯಲಿಲ್ಲ. 1948ರಲ್ಲಿ ವರ್ಣಭೇದ ನೀತಿಯನ್ನು ಸಾರಿದ ಪಕ್ಷ ಅಧಿಕಾರಕ್ಕೆ ಬಂದ ಮೇಲೆ ಬೇಲಿಗಳು ಇನ್ನೂ ಬಿಗಿಯಾದವು. 1953ರ ಕಾಯಿದೆಯು ಪ್ರತ್ಯೇಕ ಬೆಂಚು, ಪ್ರತ್ಯೇಕ ಬಸ್ಸು, ಪ್ರತ್ಯೇಕ ಕಡಲತೀರಗಳಿಗೆ ಬಲ ತಂದಿತು. ಡರ್ಬನ್ನಿನ ವಿಹಾರದ ದಂಡೆಯಲ್ಲಿ ಒಳ್ಳೆಯ ಭಾಗಗಳು ಬಿಳಿಯರಿಗೆ ಮೀಸಲಾದವು. ಇದರ ಪ್ರತಿಫಲವಾಗಿ ಜಗತ್ತು ದಕ್ಷಿಣ ಆಫ್ರಿಕವನ್ನು ಕ್ರೀಡಾಂಗಣದಿಂದ ದೂರವಿಟ್ಟಿತು. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಅದಕ್ಕೆ ಆಹ್ವಾನವಿರಲಿಲ್ಲ. 1970ರಲ್ಲಿ ಒಲಿಂಪಿಕ್ ಸಂಸ್ಥೆಯಿಂದಲೇ ಅದನ್ನು ಹೊರಹಾಕಲಾಯಿತು. ಕಾಮ್ರೇಡ್ಸ್‌ನ ಬಾಗಿಲು ತೆರೆದದ್ದು 1975ರಲ್ಲಿ, ಐವತ್ತನೆಯ ಓಟದಂದು. ಆ ವರ್ಷ ವಿನ್ಸೆಂಟ್ ರಾಕಾಬೆಲೆ 20ನೆಯ ಸ್ಥಾನ ಪಡೆದು ಅಧಿಕೃತ ಪದಕ ಗಳಿಸಿದ ಮೊದಲ ಕಪ್ಪು ಓಟಗಾರನಾದನು. ಎಲಿಜಬೆತ್ ಕವಾನಾ ಅಧಿಕೃತವಾಗಿ ಓಟ ಮುಗಿಸಿದ ಮೊದಲ ಮಹಿಳೆಯಾದಳು.

ಓಟ ತೆರೆದರೂ ದೇಶ ತೆರೆದಿರಲಿಲ್ಲ. 1981ರ ಓಟವನ್ನು ಗಣರಾಜ್ಯದ 20ನೆಯ ವರ್ಷದ ಸರಕಾರಿ ಸಂಭ್ರಮಕ್ಕೆ ಜೋಡಿಸಿದಾಗ ಬ್ರೂಸ್ ಫೋರ್ಡೈಸ್ ಎಂಬ ಬಿಳಿಯ ತರುಣ, ಇನ್ನು ಕೆಲವರೊಂದಿಗೆ, ಪ್ರತಿಭಟನೆಯ ಕುರುಹಾಗಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಓಡಿದನು. ಅಂದು ಗೆದ್ದವನೂ ಅವನೇ. ಮುಂದೆ ಒಟ್ಟು ಒಂಬತ್ತು ಸಲ ಗೆದ್ದನು. 1989ರ ಮೇ 31ರಂದು ಸ್ಯಾಮ್ ಟ್ಷಬಲಾಲ ಮೊದಲಿಗನಾಗಿ ಡರ್ಬನ್ ತಲುಪಿದನು. ಈ ಓಟವನ್ನು ಗೆದ್ದ ಮೊದಲ ಕಪ್ಪು ಮನುಷ್ಯ ಅವನು. ಆ ದಿನ ಡರ್ಬನ್ನಿನ ಕಡಲತೀರದ ಕೆಲವು ಭಾಗಗಳಲ್ಲಿ ಬಿಳಿಯರಿಗೆ ಮಾತ್ರ ಎಂಬ ಫಲಕಗಳು ಇನ್ನೂ ನಿಂತಿದ್ದವು. ತೊಂಬತ್ತು ಕಿಲೋಮೀಟರ್ ಓಡಿ ಊರನ್ನೇ ಗೆದ್ದವನು ಅಲ್ಲಿ ಕಾಲು ತೊಳೆಯಲು ನೀರಿಗಿಳಿದರೆ ಅಪರಾಧ! ಅದೇ ವರ್ಷ ಸೆಪ್ಟೆಂಬರಿನಲ್ಲಿ ಜನರು ಗುಂಪುಗುಂಪಾಗಿ ಆ ಮರಳಿಗೆ ಇಳಿದು ಪ್ರತಿಭಟಿಸಿದರು. ನವೆಂಬರಿನಲ್ಲಿ ಕಡಲತೀರಗಳು ಎಲ್ಲರಿಗೂ ತೆರೆದವೆಂದು ಸರಕಾರ ಸಾರಿತು.

ಓಟದ ದಿನಾಂಕವೂ ಕಾಲದ ಕಥೆ ಹೇಳುತ್ತದೆ. ಮೊದಲು ಅದು ಮೇ 24, ಬ್ರಿಟಿಷ್ ಸಾಮ್ರಾಜ್ಯದ ದಿನ. ಬಳಿಕ ಮೇ 31, ಗಣರಾಜ್ಯದ ದಿನ. 1995ರಲ್ಲಿ ಅದು ಜೂನ್ 16ಕ್ಕೆ ಬಂದಿತು. ಅದು 1976ರಲ್ಲಿ ಸೊವೆಟೊದಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಗಳನ್ನು ನೆನೆಯುವ ದಿನ. ಆ ಸ್ಮರಣೆಗೆ ಓಟದಿಂದ ಅಡ್ಡಿಯಾಗುತ್ತದೆಂಬ ಆಕ್ಷೇಪ ಬಂದು 2007ರಲ್ಲಿ ದಿನಾಂಕ ಮತ್ತೆ ಸರಿಯಿತು. 2019ರಲ್ಲಿ, 9ರಿಂದ 10 ಗಂಟೆಗಳೊಳಗೆ ಗುರಿ ಮುಟ್ಟುವವರಿಗೆಂದು ರಾಬರ್ಟ್ ಮ್ಟಷಾಲಿಯ ಹೆಸರಿನ ಪದಕವನ್ನು ಆರಂಭಿಸಿದರು. ಪದಕವಿಲ್ಲದೆ ಮನೆಗೆ ಹೋದವನ ಹೆಸರು 84 ವರ್ಷಗಳ ಮೇಲೆ ಪದಕವಾಯಿತು. ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದಿಂದಲೂ ನೂರಾರು ಮಂದಿ ಈ ಓಟಕ್ಕೆ ಹೋಗುತ್ತಿದ್ದಾರೆ. 1993ರಲ್ಲಿ ಪೀಟರ್‌ಮಾರಿಟ್ಜ್‌ಬರ್ಗಿನಲ್ಲಿ ನಿಲ್ಲಿಸಿದ ಗಾಂಧೀಜಿಯ ಪ್ರತಿಮೆಯನ್ನು ಅವರು ಕಂಡು ಬರಬಹುದು.

ಹೊರನಾಡಿನಲ್ಲಿ ಸಂಘ ಕಟ್ಟಿಕೊಂಡು ಬಾಳುವ ನಮಗೂ ಈ ಇತಿಹಾಸದಿಂದ ಕಲಿಯುವುದುಂಟು. ಬೆಳ್ಳಿಹಬ್ಬ, ಚಿನ್ನದ ಹಬ್ಬಗಳ ಸ್ಮರಣ ಸಂಚಿಕೆಗಳಲ್ಲಿ ನಾವು ಅಧ್ಯಕ್ಷರ, ದಾನಿಗಳ ಪಟ್ಟಿಯನ್ನು ತಪ್ಪದೆ ಅಚ್ಚು ಹಾಕುತ್ತೇವೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಇರುಳು ಶಾಲೆಯಲ್ಲಿ ಕನ್ನಡ ಕಲಿತ ಹುಡುಗರು, ನಾಟಕದ ಪರದೆ ಎಳೆದವರು, ರಾಜ್ಯೋತ್ಸವದ ಅಡಿಗೆಗೆ ಬೆಳಗಿನ ಜಾವ ಎದ್ದ ಹೆಂಗಸರು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ. ಅವರೂ ನಮ್ಮೊಡನೆ ಅಷ್ಟೇ ದೂರ ಓಡಿದವರು. ಅವರನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಎಂಬತ್ತನಾಲ್ಕು ವರ್ಷ ಕಾಯದೆ, ಆ ಹಿರಿಯರನ್ನು ಕೇಳಿ ಹೆಸರುಗಳನ್ನು ಈಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.